ಕ್ಯಾಮೆರಾಕ್ಕೆಂದು ಸ್ಟ್ಯಾಟಿಕ್ ಐಪಿ ಹಾಕಿಸುವ ಮುನ್ನ ಇದನ್ನು ಓದಿ

ಗೋಕರ್ಣದ ಕಡೆಯ ಒಂದು ಹೋಮ್‌ಸ್ಟೇ. ಸಿಸಿಟಿವಿ ಪರದೆಯಲ್ಲಿ ‘ಜಗಲಿ’, ‘ಗೇಟು’ ಎಂದಿದ್ದ ಕ್ಯಾಮೆರಾ ಹೆಸರುಗಳೆಲ್ಲ ಬೆಳಗಾಗುವಷ್ಟರಲ್ಲಿ ‘ಹ್ಯಾಕ್ಡ್’ ಎಂದಾಗಿದ್ದವು. ಜಗಲಿಯ ಕ್ಯಾಮೆರಾಕ್ಕೆ ಮೇಜಿನ ಮೇಲಿನ ರಿಜಿಸ್ಟರು ನೇರ ಕಾಣುತ್ತಿತ್ತು. ಉಳಿದುಕೊಂಡವರ ಹೆಸರು, ಫೋನ್ ನಂಬರು ಯಾರ್ಯಾರ ಕಣ್ಣಿಗೆ ಬಿದ್ದವೋ ಹೇಳಲಾಗದು.

ದೂರದಿಂದ ಮೊಬೈಲಿನಲ್ಲಿ ನೋಡಬೇಕೆಂದು ಮಾಲೀಕರು ಕೇಳಿದ್ದರು. ಕ್ಯಾಮೆರಾ ಹಾಕಿದವರು ಸ್ಟ್ಯಾಟಿಕ್ ಐಪಿ (ಬದಲಾಗದ ಇಂಟರ್ನೆಟ್ ವಿಳಾಸ) ಕೊಡಿಸಿ, ರೂಟರಿನಲ್ಲಿ 80, 554, 8000 ಪೋರ್ಟುಗಳನ್ನು (ಆ ವಿಳಾಸದ ನಂಬರಿನ ಬಾಗಿಲುಗಳು) ಕ್ಯಾಮೆರಾ ದೃಶ್ಯ ದಾಖಲಿಸುವ ಪೆಟ್ಟಿಗೆಯಾದ ಡಿವಿಆರ್‌ಗೆ ಫಾರ್ವರ್ಡ್ ಮಾಡಿ, ಅಂದರೆ ಹೊರಗಿನಿಂದ ಬಂದದ್ದು ನೇರ ಅದಕ್ಕೇ ಹೋಗುವಂತೆ ಮಾಡಿ, ಪಾಸ್‌ವರ್ಡ್ 12345 ಎಂದೇ ಬಿಟ್ಟು ಹೋದರು. ಅಲ್ಲಿಗೆ ಆ ಡಿವಿಆರ್ ಜಗತ್ತಿನ ಎಲ್ಲಿಂದಲಾದರೂ ತಟ್ಟಬಹುದಾದ ಬಾಗಿಲಾಯಿತು. ‘ನಮ್ಮ ಹಳ್ಳಿ ಮನೆಯನ್ನು ಯಾರು ಹುಡುಕಿಕೊಂಡು ಬರುತ್ತಾರೆ’ ಎಂದು ಸುಮ್ಮನಿರಬೇಡಿ. ಸುಮಾರು 430 ಕೋಟಿ ಐಪಿವಿ4 (ಹಳೆಯ ಬಗೆಯ ಐಪಿ) ವಿಳಾಸಗಳಲ್ಲಿ ಒಂದು ಪೋರ್ಟ್ ಎಲ್ಲೆಲ್ಲಿ ತೆರೆದಿದೆ ಎಂದು ತಡಕಲು, ವೇಗದ ಲೈನ್ ಇದ್ದರೆ, ಒಂದು ತಾಸೂ ಬೇಡ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಹರಡಿದ್ದೇ ಕಂಪನಿ ಕೊಟ್ಟ ಪಾಸ್‌ವರ್ಡ್ ಬದಲಿಸದ ಡಿವಿಆರ್, ಕ್ಯಾಮೆರಾ, ರೂಟರುಗಳ ಮೂಲಕ.

ಫೋನಿನಲ್ಲಿ ವಿಪಿಎನ್ ಆ್ಯಪ್ ಇದ್ದರೆ ಸಾಕೆನ್ನುವವರಿದ್ದಾರೆ. ಅದು ಮರೆಮಾಡುವುದು ಆ ಫೋನಿನ ವಿಳಾಸವನ್ನಷ್ಟೇ, ಡಿವಿಆರ್ ತೆರೆದೇ ಇರುತ್ತದೆ. ಪೋರ್ಟ್ ನಂಬರು 8000 ಬದಲು 9000 ಹಾಕಿದರೂ ಪ್ರಯೋಜನವಿಲ್ಲ.

ಮೊದಲು ಬ್ರೌಸರಿನಲ್ಲಿ ರೂಟರಿನ ಪುಟ ತೆರೆಯಿರಿ, ಅದರ ವಿಳಾಸ ಹೆಚ್ಚಾಗಿ 192.168.1.1. ಅಲ್ಲಿ ಕಾಣುವ ವ್ಯಾನ್ (WAN) ಐಪಿಯೂ, ಅಂದರೆ ರೂಟರಿನ ಹೊರಬದಿಯ ವಿಳಾಸವೂ, ಗೂಗಲ್‌ನಲ್ಲಿ ‘ನನ್ನ ಐಪಿ’ ಎಂದು ಹುಡುಕಿ ಸಿಗುವ ಐಪಿವಿ4 ವಿಳಾಸವೂ ಒಂದೇ ಆಗಿದ್ದರೆ ನಿಮ್ಮದು ಪಬ್ಲಿಕ್ ಐಪಿ, ಹೊರಗಿನಿಂದ ನೇರ ತಲುಪಬಹುದಾದದ್ದು. ವ್ಯಾನ್ ಐಪಿ ‘10.’ ಎಂದು ಶುರುವಾದರೆ, ಅಥವಾ 100.64ರಿಂದ 100.127ರವರೆಗಿನ ಯಾವುದರಿಂದಲಾದರೂ ಶುರುವಾದರೆ, ಹಲವು ಮನೆಗಳಿಗೆ ಒಂದೇ ಪಬ್ಲಿಕ್ ವಿಳಾಸ, ಫಾರ್ವರ್ಡ್ ಮಾಡಿದರೂ ಹೊರಗಿನಿಂದ ತಲುಪದು. ಸ್ಟ್ಯಾಟಿಕ್ ಐಪಿ ತೆಗೆದುಕೊಳ್ಳಿ ಎನ್ನುವುದು ಇದಕ್ಕೇ.

ಪೋರ್ಟ್ ಫಾರ್ವರ್ಡಿಂಗ್ ಪಟ್ಟಿಯಲ್ಲಿ ಡಿವಿಆರ್ ಹೆಸರಿನ ಸಾಲುಗಳನ್ನು ಅಳಿಸಿ. ಒಂದು ಸಾಧನದ ಎಲ್ಲ ಪೋರ್ಟುಗಳನ್ನೂ ಹೊರಗೆ ತೆರೆದಿಡುವ ಡಿಎಂಝಡ್ (DMZ) ಆಫ್ ಮಾಡಿ. ಸಾಧನಗಳು ತಾವೇ ರೂಟರಿನಲ್ಲಿ ಪೋರ್ಟ್ ತೆರೆಸಿಕೊಳ್ಳಲು ಬಿಡುವ ಯುಪಿಎನ್‌ಪಿಯನ್ನು (UPnP) ರೂಟರಿನಲ್ಲೂ ಡಿವಿಆರ್‌ನಲ್ಲೂ ಆಫ್ ಮಾಡಲೇಬೇಕು, ಇಲ್ಲವಾದರೆ ಡಿವಿಆರ್ ತಾನೇ ಮತ್ತೆ ಪೋರ್ಟ್ ತೆರೆಸಿಕೊಳ್ಳಬಹುದು. ಹೊಸ ಬಗೆಯ ವಿಳಾಸವಾದ ಐಪಿವಿ6 ಇದ್ದರೆ ಅದರ ಫೈರ್‌ವಾಲ್ ಆನ್ ಇದೆಯೇ ನೋಡಿ, ಅಲ್ಲಿ ಒಂದೊಂದು ಸಾಧನಕ್ಕೂ ಸ್ವಂತ ಪಬ್ಲಿಕ್ ವಿಳಾಸವಿರುತ್ತದೆ. ಆಮೇಲೆ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ನಿಮ್ಮ ಐಪಿ ಟೈಪ್ ಮಾಡಿ ನೋಡಿ. ಲಾಗಿನ್ ಪುಟ ಬರಬಾರದು.

ದೂರದಿಂದ ನೋಡಲೇಬೇಕೆಂದರೆ ರೂಟರಿನಲ್ಲೇ ವಿಪಿಎನ್ ಸರ್ವರ್ ಇಟ್ಟು ಅದರ ಮೂಲಕ ಒಳಹೋಗುವುದು ಒಳ್ಳೆಯದು. ಇದು ಮೇಲೆ ಹೇಳಿದ ಆ್ಯಪ್‌ನಂತಲ್ಲ, ನಿಮ್ಮ ಮನೆಯ ನೆಟ್‌ವರ್ಕಿಗೇ ಬರುವ ಬೀಗವಿರುವ ದಾರಿ. ಅದಾಗದಿದ್ದರೆ ಡಿವಿಆರ್ ಕಂಪನಿಯ ಆ್ಯಪ್ ಸಾಕು, ಪೋರ್ಟ್ ತೆರೆಯಬೇಕಿಲ್ಲ. ಪಾಸ್‌ವರ್ಡ್ ಮಾತ್ರ ಗಟ್ಟಿಯಾಗಿರಲಿ.

ಯಾರೋ ಒಳಹೊಕ್ಕ ಗುರುತು ಕಂಡರೆ ಕೂಡಲೇ ನೆಟ್ ಕೇಬಲ್ ಕೀಳಿ. ರೀಸೆಟ್‌ಗೆ ಆತುರ ಬೇಡ, ಯಾರು ಯಾವಾಗ ಒಳಬಂದರೆಂಬ ದಾಖಲೆ (ಲಾಗ್) ಅಳಿದುಹೋದೀತು. ಪರದೆಯ ಫೋಟೊ ತೆಗೆದು, ಲಾಗ್ ಅನ್ನು ಪೆನ್‌ಡ್ರೈವ್‌ಗೆ ಇಳಿಸಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಕೊಡಿ. ರೀಸೆಟ್, ಹೊಸ ಫರ್ಮ್‌ವೇರ್ (ಡಿವಿಆರ್ ಒಳಗಿನ ತಂತ್ರಾಂಶ), ಹೊಸ ಪಾಸ್‌ವರ್ಡ್ ಎಲ್ಲ ಆಮೇಲೆ.