ಜೇಬಲ್ಲಿ ಕೂರೋ ಕ್ಯಾಮೆರಾ, ರಾತ್ರಿಯಿಡೀ ಆಟ: ಸೋನಿ ಆರ್‌ಎಕ್ಸ್100 ಮಾರ್ಕ್ 3 ಎರಡು ವರ್ಷ ಬಳಸಿದ ಮೇಲೆ

ಹೋದ ವರ್ಷ ಶಿವರಾತ್ರಿ ಕಳೆದು ಒಂದು ವಾರಕ್ಕೆ ನಮ್ಮೂರ ದೇವಸ್ಥಾನದ ಎದುರಿನ ಗದ್ದೇಲಿ ಯಕ್ಷಗಾನದ ಆಟ ಇತ್ತು, ಅಪ್ಪ ಮದ್ದಳೆಗೆ ಕೂತಿದ್ದ. ಅಪ್ಪ ಮೇಳದವನಲ್ಲ, ತೋಟದ ಕೆಲಸ ಮುಗಿಸಿ ಬಂದು ಬಾರಿಸೋ ಹವ್ಯಾಸಿ, ನಲವತ್ತು ವರ್ಷದಿಂದ ಬಾರಿಸ್ತಾ ಇದ್ದಾನೆ, ಆದ್ರೆ ಅವನು ಬಾರಿಸ್ತಿರೋ ಒಂದು ನೆಟ್ಟಗಿನ ಫೋಟೋ ಮನೇಲಿರಲಿಲ್ಲ. ಫೋನಲ್ಲಿ ತೆಗೆದದ್ದೆಲ್ಲ ಮುಖಕ್ಕೆ ಮೇಣ ಬಳಿದ ಹಾಗೆ, ಕೈ ಇರೋ ಜಾಗದಲ್ಲಿ ಬರೀ ಬಿಳಿ ಗೀಚು. ಮದುವೆ ಫೋಟೋ ತೆಗೆಯೋ ಗೆಳೆಯನ ದೊಡ್ಡ ಕ್ಯಾಮೆರಾ ಒಂದ್ಸಲ ತಂದಿದ್ದೆ, ಅದನ್ನ ಹಿಡ್ಕೊಂಡು ರಂಗಸ್ಥಳದ ಪಕ್ಕ ನಿಂತ್ರೆ ಹಿಂದೆ ಚಾಪೆ ಹಾಸ್ಕೊಂಡು ಕೂತವರು "ತಮಾ, ಬದಿಗೆ ಹೋಗೋ" ಅಂತ ಕೂಗ್ತಾರೆ, ಕೂಗೋದು ಸರಿನೇ, ಅವರು ಆಟ ನೋಡೋಕೆ ಬಂದವರು, ನನ್ನ ಬೆನ್ನು ನೋಡೋಕಲ್ಲ.

ಆವತ್ತು ರಾತ್ರಿ ಎರಡೂವರೆ ಹೊತ್ತಿಗೆ ಭಾಗವತರು ಏರು ಪದ ಎತ್ತಿದ್ರು, ಚಂಡೆ ಬಿದ್ದಿತು, ನಾನು ನೆಲದ ಮೇಲೆ ಕೂತಲ್ಲಿಂದಲೇ ಅಂಗಿ ಜೇಬಿಂದ ಈ ಕ್ಯಾಮೆರಾ ತೆಗೆದು, ಝೂಮ್ ಪೂರ್ತಿ 70 ಎಂಎಂಗೆ ತಂದು, ಎಫ್ 2.8 (ಲೆನ್ಸಿನ ಕಿಂಡಿಯ ಲೆಕ್ಕ, ನಂಬರು ಸಣ್ಣದಾದಷ್ಟೂ ಬೆಳಕು ಜಾಸ್ತಿ), ಶಟರ್ ಸೆಕೆಂಡಿನ ನೂರನೇ ಒಂದು ಭಾಗ, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 3200 ಇಟ್ಟು ಏಳೆಂಟು ಫೋಟೋ ತೆಗೆದೆ. ಅದರಲ್ಲೊಂದು ಈಗ ಜಗಲಿ ಗೋಡೆ ಮೇಲಿದೆ. ಬಲಗೈಯ ಎರಡು ಬೆರಳು ಮಾತ್ರ ಅಲುಗಿದೆ, ಉಳಿದದ್ದೆಲ್ಲ ಸ್ಪಷ್ಟ, ಮದ್ದಳೆ ಮುಖದ ಕಪ್ಪು ಕರಣೆ ಅಂಚಲ್ಲಿ ಸವೆದು ಬಿರುಕು ಬಿಟ್ಟಿರೋದೂ ಕಾಣುತ್ತೆ. ಅಪ್ಪ ಅದನ್ನ ತುಂಬಾ ಹೊತ್ತು ನೋಡಿ "ಅಡ್ಡಿಲ್ಲೆ ತಮಾ, ಚೊಲೋ ಬಂಜು" ಅಂದ. ನಮ್ಮ ಕಡೆಯವರಿಗೆ ಗೊತ್ತು, ಆ ಮಾತಿನ ಮೇಲೆ ಇನ್ನೊಂದು ಹೊಗಳಿಕೆ ಇಲ್ಲ.

ಸೋನಿ ಇದನ್ನ ಬಿಟ್ಟಿದ್ದು 2014ರಲ್ಲಿ, ಅಂದ್ರೆ ಹಳೇ ಮಾಲು. ನಾನು ತಗೊಂಡಿದ್ದು ಸೆಕೆಂಡ್ ಹ್ಯಾಂಡ್, 28,000 ಕೊಟ್ಟು. ಇಷ್ಟು ಹಳೇದು ಯಾಕೆ, ಅದೇ ದುಡ್ಡಿಗೆ ಒಳ್ಳೆ ಫೋನೇ ಬರುತ್ತಲ್ಲ ಅಂತ ಮನೇಲೂ ಕೇಳಿದ್ರು, ಗೆಳೆಯರೂ ಕೇಳಿದ್ರು. ಕಾರಣ ಸೆನ್ಸರ್, ಅಂದ್ರೆ ಬೆಳಕು ಹಿಡಿಯೋ ಚಿಪ್ಪು, ಮತ್ತು ಲೆನ್ಸು. ಒಳಗಿರೋದು ಒಂದಿಂಚು ಅಂತ ಕರೆಯೋ ಸೆನ್ಸರು, 20.1 ಮೆಗಾಪಿಕ್ಸೆಲ್. ಹೆಸರು ಕೇಳಿ ಮೋಸ ಹೋಗ್ಬೇಡಿ, ನಿಜವಾದ ಅಳತೆ 13.2 ಬೈ 8.8 ಎಂಎಂ ಅಷ್ಟೇ, ಆ ಒಂದಿಂಚು ಅನ್ನೋದು ಹಿಂದಿನ ಕಾಲದ ವಿಡಿಯೋ ಕ್ಯಾಮೆರಾ ಟ್ಯೂಬಿನ ಲೆಕ್ಕದಿಂದ ಉಳ್ಕೊಂಡು ಬಂದ ಹೆಸರು. ಆದ್ರೂ ಸಾಮಾನ್ಯ ಪುಟಾಣಿ ಕ್ಯಾಮೆರಾಗಳ ಸೆನ್ಸರಿಗಿಂತ ಹೆಚ್ಚುಕಡಿಮೆ ನಾಲ್ಕು ಪಟ್ಟು ಜಾಗ, ಮದುವೆ ಫೋಟೋದವರ ದೊಡ್ಡ ಫುಲ್ ಫ್ರೇಮ್ ಸೆನ್ಸರಿನ ಮುಂದೆ ಮಾತ್ರ ಏಳನೇ ಒಂದು ಪಾಲಿಗಿಂತ ಸ್ವಲ್ಪ ಕಮ್ಮಿ. ಈಗ ಕೆಲವು ದುಬಾರಿ ಫೋನುಗಳಲ್ಲೂ ಇದೇ ಅಳತೆಯ ಸೆನ್ಸರ್ ಬಂದಿದೆ, ಆದ್ರೆ ಅದರ ಬೆಲೆ ಬೇರೆ, ಮತ್ತೆ ಅದೂ ಅಗಲದ ಒಂದು ಲೆನ್ಸಿಗೆ ಮಾತ್ರ, ಝೂಮ್ ಮಾಡಿದ ತಕ್ಷಣ ಫೋನು ಬೇರೆ ಸಣ್ಣ ಸೆನ್ಸರಿಗೆ ಹಾರುತ್ತೆ.

ಲೆನ್ಸ್ 24ರಿಂದ 70 ಎಂಎಂ, ಝೂಮ್ ಮಾಡದ ಅಗಲದ ತುದಿಯಲ್ಲಿ ಎಫ್ 1.8, ಪೂರ್ತಿ ಝೂಮ್ ಮಾಡಿದ ಉದ್ದದ ತುದಿಯಲ್ಲಿ ಎಫ್ 2.8. ನನಗೆ ಮುಖ್ಯ ಆಗಿದ್ದು ಈ ಎರಡನೇ ನಂಬರು. 2012ರಲ್ಲಿ ಬಂದ ಮೊದಲನೇ ಆರ್‌ಎಕ್ಸ್100 ಸ್ವಲ್ಪ ಅಗ್ಗಕ್ಕೆ ಸಿಗುತ್ತೆ, ಝೂಮ್ 100 ಎಂಎಂ ತನಕ ಹೋಗುತ್ತೆ, ಆದ್ರೆ ಆ ತುದಿಯಲ್ಲಿ ಎಫ್ 4.9, ಹಗಲಲ್ಲಿ ಏನೂ ತೊಂದರೆ ಇಲ್ಲ, ರಾತ್ರಿ ಆಟದಲ್ಲಿ ಅದು ಕಷ್ಟ. 2.8ಕ್ಕೂ 4.9ಕ್ಕೂ ನಡುವೆ ಬೆಳಕು ಮೂರು ಪಟ್ಟು ವ್ಯತ್ಯಾಸ, ಅಂದ್ರೆ ನಾನು 3200ರಲ್ಲಿ ತೆಗೆದದ್ದನ್ನ ಅದರಲ್ಲಿ 10,000ದ ಹತ್ರ ತೆಗೀಬೇಕು, ಆಗ ಅಪ್ಪನ ಮುಖ ರವೆ ಚೆಲ್ಲಿದ ಹಾಗೆ ಬರುತ್ತೆ. ತಗೊಳ್ಳೋವಾಗ ಇದೊಂದು ಲೆಕ್ಕ ತಲೇಲಿಟ್ಕೊಂಡ್ರೆ ಸಾಕು, ಮೆಗಾಪಿಕ್ಸೆಲ್ ಕಡೆ ನೋಡೋದೇ ಬೇಡ.

ಚೌಕಿಯಲ್ಲಿ, ಅಂದ್ರೆ ವೇಷ ಕಟ್ಟೋ ಜಾಗದಲ್ಲಿ, ಇದು ಇನ್ನೂ ಚೊಲೋ. ವೇಷಧಾರಿಗಳು ಒಂದು ಕೈಲಿ ಕನ್ನಡಿ ಹಿಡ್ಕೊಂಡು ಇನ್ನೊಂದು ಕೈಲಿ ಕಡ್ಡಿಯಿಂದ ಹುಬ್ಬಿನ ಮೇಲೆ ಗೆರೆ ಎಳೀತಿರ್ತಾರೆ, ಉಸಿರು ಬಿಗಿಹಿಡಿದು ಎಳೆಯೋ ಗೆರೆ ಅದು, ಅಂಥ ಹೊತ್ತಲ್ಲಿ ಎದುರಿಗೆ ಖಟ್ ಖಟ್ ಅಂತ ಶಬ್ದ ಮಾಡೋದು ತಪ್ಪು. ಇದರ ಶಟರ್ ಲೆನ್ಸ್ ಒಳಗಿರೋ ಎಲೆ ಥರದ್ದು, ಶಬ್ದ ಇಲ್ಲ ಅಂದ್ರೂ ನಡೆಯುತ್ತೆ, ಫ್ಲಾಶ್ ಆಫ್ ಮಾಡಿ ಕೇಳಿ ಒಪ್ಪಿಗೆ ತಗೊಂಡು ಮೂಲೇಲಿ ಕೂತ್ರೆ ಐದು ನಿಮಿಷಕ್ಕೆ ಅವರು ನಿಮ್ಮನ್ನ ಮರೀತಾರೆ. ಒಂದು ಕಿವಿಮಾತು, ಈಗ ಎಲ್ಲ ಕಡೆ ಎಲ್‌ಇಡಿ ಲೈಟು, ನಮ್ಮ ಕರೆಂಟು 50 ಹರ್ಟ್ಸ್, ಅಂದ್ರೆ ಎಷ್ಟೋ ಲೈಟುಗಳು ಸೆಕೆಂಡಿಗೆ ನೂರು ಸಲ ಮಿನುಗ್ತಿರ್ತವೆ, ಕಣ್ಣಿಗೆ ಕಾಣಲ್ಲ ಫೋಟೋದಲ್ಲಿ ಕಾಣುತ್ತೆ, ಒಂದು ಫೋಟೋ ಬೆಳ್ಳಗೆ ಮುಂದಿನದ್ದು ಮಂಕು ಹಳದಿ ಆಗುತ್ತೆ. ಶಟರ್ 1/50 ಅಥವಾ 1/100ರಲ್ಲಿ ಇಡಿ, ಆ ತೊಂದರೆ ಹೋಗುತ್ತೆ.

ಈಗ ಎಲ್ಲಿ ಸೋಲುತ್ತೆ ಅಂತ ಹೇಳ್ಬೇಕು. ಶಿರಸಿ ಬೇಡರ ವೇಷದಲ್ಲಿ. ಮಾರಿಕಾಂಬಾ ಜಾತ್ರೆ ಇಲ್ಲದ ವರ್ಷ ಹೋಳಿ ಸಮಯದಲ್ಲಿ ಬರೋದು, ಬೆನ್ನಿಗೆ ನವಿಲುಗರಿ ಕಟ್ಕೊಂಡು ಕತ್ತಿ ಗುರಾಣಿ ಹಿಡಿದು ತಮಟೆ ಪೆಟ್ಟಿಗೆ ಸರಿಯಾಗಿ ಜನರ ಮೇಲೇ ನುಗ್ಗಿ ಬರ್ತಾನೆ, ಹಿಂದಿನಿಂದ ಇಬ್ಬರು ಹಗ್ಗ ಹಿಡ್ಕೊಂಡು ಎಳೀತಿರ್ತಾರೆ. ಅಲ್ಲಿ ಈ ಕ್ಯಾಮೆರಾದ ಫೋಕಸ್ ಸಾಕಾಗಲ್ಲ. ಇದರಲ್ಲಿರೋದು ಕಾಂಟ್ರಾಸ್ಟ್ ನೋಡಿ ಫೋಕಸ್ ಮಾಡೋ ಪದ್ಧತಿ ಮಾತ್ರ, ಹಿಂದೆ ಮುಂದೆ ತಡಕಾಡಿ ಹುಡುಕುತ್ತೆ, ಅಷ್ಟರಲ್ಲಿ ಬೇಡ ಎರಡು ಹೆಜ್ಜೆ ಮುಂದೆ ಬಂದಿರ್ತಾನೆ, ಹಿಂದಿನ ಅಂಗಡಿ ಬೋರ್ಡು ಮಾತ್ರ ಸ್ಪಷ್ಟ ಬಂದಿರುತ್ತೆ. ಓಡೋ ಕುಣಿಯೋ ವಿಷಯವೇ ನಿಮಗೆ ಮುಖ್ಯ ಅಂದ್ರೆ 2016ರ ಮಾರ್ಕ್ 5 ನೋಡಿ, ಅದರಲ್ಲಿ ಫೇಸ್ ಡಿಟೆಕ್ಷನ್ ಫೋಕಸ್ ಬಂತು, ಫೇಸ್ ಅಂದ್ರೆ ಮುಖ ಅಲ್ಲ, ಬೆಳಕಿನ ಹಂತ ನೋಡಿ ಹಿಡಿಯೋ ಪದ್ಧತಿ, ಅದು ಬಾಳ ಚುರುಕು.

ಹಕ್ಕಿ ಫೋಟೋದವರೂ ಇದರ ಆಸೆ ಬಿಡಿ. ದಾಂಡೇಲಿಗೆ ಹೋಗಿ ಮಂಗಟ್ಟೆ ಕೂತ ಮರದ ಕೆಳಗೇ ನಿಂತ್ರೂ 70 ಎಂಎಂನಲ್ಲಿ ಮರ ಬರುತ್ತೆ, ಹಕ್ಕಿ ಒಂದು ಚುಕ್ಕೆ. 2018ರ ಮಾರ್ಕ್ 6ರಲ್ಲಿ 200 ಎಂಎಂ ತನಕ ಇದೆ, ಆದ್ರೆ ಅದು ಎಫ್ 2.8ರಿಂದ 4.5, ಮತ್ತೆ ಬೆಳಕಿನ ಲೆಕ್ಕಕ್ಕೇ ಬಂದು ನಿಲ್ಲುತ್ತೆ.

ಕರಾವಳಿಗೆ ಇಳಿದಾಗ ಇದರ ಇನ್ನೊಂದು ಗುಣ ಗೊತ್ತಾಯ್ತು. ಕಾರವಾರ ಟಾಗೋರ್ ಬೀಚಲ್ಲಿ ಮಧ್ಯಾಹ್ನದ ಬಿಸಿಲು, ರಂಪಣಿ ಬಲೆ ಎಳೀತಿದ್ರು, ಹಗ್ಗ ಹಿಡಿದ ಕೈ ಮಾತ್ರ ಫೋಕಸ್ಸಲ್ಲಿದ್ದು ಹಿಂದಿನ ಸಮುದ್ರ ಮೆತ್ತಗಾಗ್ಲಿ ಅಂತ ಎಫ್ 1.8ರಲ್ಲೇ ತೆಗೀಬೇಕಿತ್ತು. ಇದರ ಶಟರ್ ವೇಗ 1/2000 ದಾಟಲ್ಲ, ಆ ಬಿಸಿಲಲ್ಲಿ 1.8ರಲ್ಲಿ ತೆಗೆದ್ರೆ ಫೋಟೋ ಪೂರ್ತಿ ಬೆಳ್ಳಗೆ. ಆದ್ರೆ ಒಳಗೇ ಎನ್‌ಡಿ ಫಿಲ್ಟರ್ ಕೊಟ್ಟಿದ್ದಾರೆ, ಆನ್ ಮಾಡಿದ್ರೆ ಬೆಳಕು ಎಂಟನೇ ಒಂದು ಪಾಲಿಗೆ ಇಳಿಯುತ್ತೆ, ಲೆನ್ಸಿಗೆ ಕಪ್ಪು ಕನ್ನಡಕ ಹಾಕಿದ ಹಾಗೆ. ಅದೇ ಫಿಲ್ಟರು ಶಿರಸಿ ಹತ್ತಿರದ ಸಹಸ್ರಲಿಂಗದಲ್ಲೂ ಬಂತು ಉಪಯೋಗಕ್ಕೆ, ಡಿಸೆಂಬರಲ್ಲಿ ಶಾಲ್ಮಲಾ ಹೊಳೆ ನೀರು ಇಳಿದು ಬಂಡೆಗಳಲ್ಲಿ ಕೆತ್ತಿದ ಲಿಂಗಗಳೆಲ್ಲ ಮೇಲೆ ಕಾಣೋ ಹೊತ್ತು, ಮರದ ನೆರಳಲ್ಲಿ ಕ್ಯಾಮೆರಾನ ಬಂಡೆ ಮೇಲಿಟ್ಟು ಟೈಮರ್ ಹಾಕಿ ಎಫ್ 11ರಲ್ಲಿ ಅರ್ಧ ಸೆಕೆಂಡ್ ಬಿಟ್ಟೆ, ಸ್ಟ್ಯಾಂಡ್ ಇಲ್ಲದೇನೆ ಕಲ್ಲು ಕಲ್ಲಾಗಿ ನೀರು ಹಾಲಾಗಿ ಬಂತು. ಸ್ಕ್ರೀನು ಮೇಲಕ್ಕೆ ಮಡಚುತ್ತೆ, ಹಾಗಾಗಿ ಬಂಡೆ ಮೇಲೆ ಬೋರಲು ಮಲಗೋದು ತಪ್ಪಿತು.

ಆದ್ರೆ ಬೀಚು ಅಂದ್ರೆ ಈ ಜಾತಿ ಕ್ಯಾಮೆರಾಗಳಿಗೆಲ್ಲ ಅಪಾಯ. ಆನ್ ಮಾಡಿದ ತಕ್ಷಣ ಲೆನ್ಸ್ ಕೊಳವೆ ಹೊರಗೆ ಬರುತ್ತೆ, ಆಫ್ ಮಾಡಿದ್ರೆ ಒಳಗೆ ಹೋಗುತ್ತೆ, ಹೋಗೋವಾಗ ಅಂಟಿದ ಮರಳನ್ನೂ ಎಳ್ಕೊಂಡೇ ಹೋಗುತ್ತೆ. ನನ್ನ ಭಾವನ ಹತ್ರ ಬೇರೆ ಕಂಪನಿಯ ಇಂಥದೇ ಒಂದು ಇತ್ತು, ಗೋಕರ್ಣದ ಮರಳಲ್ಲಿ ಒಂದೇ ಸಲ ಕೆಳಗೆ ಬಿದ್ದಿದ್ದು, ಎತ್ತಿ ಆಫ್ ಮಾಡಿದ, ಕರ್ ಅಂತ ಶಬ್ದ ಬಂದು ಅರ್ಧಕ್ಕೆ ನಿಂತಿತು. ಹುಬ್ಬಳ್ಳಿಗೆ ಕಳಿಸಿ ಏಳು ವಾರ ಕಾದು ವಾಪಸ್ ತಂದ, ರಿಪೇರಿ ಖರ್ಚಿಗೆ ಇನ್ನರ್ಧ ಸೇರಿಸಿದ್ರೆ ಇನ್ನೊಂದು ಹಳೇ ಕ್ಯಾಮೆರಾನೇ ಬರ್ತಿತ್ತು. ಇದಕ್ಕೂ ಮಳೆಗೆ ಧೂಳಿಗೆ ಯಾವ ರಕ್ಷಣೆನೂ ಇಲ್ಲ. ಮರಳು ತಾಗಿದ್ರೆ ಆಫ್ ಮಾಡ್ಬೇಡಿ, ಮೊದಲು ಲೆನ್ಸ್ ಕೆಳಮುಖ ಮಾಡಿ ಬ್ಲೋಯರಲ್ಲಿ ಗಾಳಿ ಹೊಡೀರಿ, ಆಮೇಲೆ ಒಳಗೆ ಹೋಗ್ಲಿ.

ನಮ್ಮ ಘಟ್ಟದ ಮೇಲಿನವರಿಗೆ ಮರಳಿಗಿಂತ ದೊಡ್ಡ ಶತ್ರು ಆಷಾಢದ ಥಂಡಿ. ಚಪ್ಪಲಿಗೆ ಬೂಸ್ಟು, ಪುಸ್ತಕಕ್ಕೆ ಬೂಸ್ಟು, ಪೆಟ್ಟಿಗೇಲಿಟ್ಟ ರೇಷ್ಮೆ ಪಂಚೆಗೆ ಬೂಸ್ಟು, ಲೆನ್ಸಿಗೂ ಅದೇ, ಗಾಜಿನ ಒಳಗೆ ಜೇಡರ ಬಲೆ ಥರ ಬೆಳೆಯುತ್ತೆ, ಬಿಚ್ಚಿ ಒರೆಸೋಕೆ ಬರಲ್ಲ ಯಾಕಂದ್ರೆ ಲೆನ್ಸ್ ಕಳಚೋ ಹಾಗೇ ಇಲ್ಲ. ನಾನು ರಬ್ಬರ್ ಅಂಚಿನ ಪ್ಲಾಸ್ಟಿಕ್ ಡಬ್ಬಿ ತಂದು ಸಿಲಿಕಾ ಜೆಲ್ ಹಾಕಿ ಅದರಲ್ಲಿಡ್ತೀನಿ, ಕಾಳು ನೀಲಿಯಿಂದ ಗುಲಾಬಿಗೆ ತಿರುಗಿದ್ರೆ ಬಾಣಲೇಲಿ ಹದ ಉರಿಯಲ್ಲಿ ಬಿಸಿ ಮಾಡಿ ಮತ್ತೆ ಹಾಕ್ತೀನಿ, ಆ ಬಾಣಲೆ ಅಡುಗೆಗೆ ಬಳಸಲ್ಲ. ಚರ್ಮದ ಚೀಲದಲ್ಲಂತೂ ಇಡಲೇಬೇಡಿ. ದೇವಿಮನೆ ಘಟ್ಟ ಇಳಿದು ಎಸಿ ಕಾರಿಂದ ಕುಮಟಾದಲ್ಲಿ ಹೊರಗೆ ತೆಗೆದ್ರೂ ಲೆನ್ಸ್ ಮೇಲೆ ಮಂಜು ಕಟ್ಟುತ್ತೆ, ಒರೆಸೋದು ಬೇಡ, ಒಂದು ಚಾ ಕುಡಿದು ಬನ್ನಿ, ಅದೇ ಹೋಗಿರುತ್ತೆ.

ಇನ್ನು ಸಣ್ಣಪುಟ್ಟದ್ದು. ಬ್ಯಾಟರಿ ಕಂಪನಿ ಲೆಕ್ಕದಲ್ಲಿ 320 ಫೋಟೋ, ರಾತ್ರಿಯಿಡೀ ಆಟಕ್ಕೆ ಒಂದು ಸಾಲಲ್ಲ, ಮಂಗಳ ಹಾಡೋ ತನಕ ಬೇಕಂದ್ರೆ ಮೂರು ಇಟ್ಕೊಳ್ಳಿ, ಪವರ್ ಬ್ಯಾಂಕಿಂದ ಮೈಕ್ರೋ ಯುಎಸ್‌ಬಿ ಹಾಕಿ ಚಾರ್ಜ್ ಮಾಡಬಹುದು ಅನ್ನೋದೊಂದು ಅನುಕೂಲ. ಟಚ್ ಸ್ಕ್ರೀನ್ ಇಲ್ಲ, ಫೋನ್ ಬಳಸಿ ರೂಢಿ ಇದ್ದವರಿಗೆ ಮೊದಲ ವಾರ ಬೇಜಾರು. ಮೈಕ್ ಚುಚ್ಚೋ ಜಾಗ ಇಲ್ಲ, ಹಾಗಾಗಿ ಭಾಗವತಿಕೆ ರೆಕಾರ್ಡ್ ಮಾಡೋಕೆ ಇದು ಬೇಡ. ಮೈ ನುಣುಪು, ಹಿಡಿಕೆ ಇಲ್ಲ, ಬೆವರು ಕೈಲಿ ಜಾರುತ್ತೆ, ರಬ್ಬರ್ ಹಿಡಿಕೆ ಬೇರೆ ಸಿಗುತ್ತೆ, ಅಂಟಿಸ್ಕೊಳ್ಳಿ, ಮಣಿಕಟ್ಟಿಗೆ ದಾರವೂ ಇರಲಿ. ಮೂಲೆಯಿಂದ ಮೇಲೇಳೋ ವ್ಯೂಫೈಂಡರ್, ಅಂದ್ರೆ ಕಣ್ಣಿಟ್ಟು ನೋಡೋ ಕಿಂಡಿ, ನನಗೆ ತುಂಬಾ ಇಷ್ಟ, ಕತ್ತಲಲ್ಲಿ ಸ್ಕ್ರೀನ್ ಬೆಳಕು ಹಿಂದಿನವರ ಕಣ್ಣಿಗೆ ಹೊಡೆಯಲ್ಲ, ಆದ್ರೆ ಅದನ್ನ ಒಳಗೆ ಒತ್ತಿದ್ರೆ ಕ್ಯಾಮೆರಾನೇ ಆಫ್ ಆಗುತ್ತೆ, ಹಾಗೆ ಮಾಡಿದ್ದು ಯಾಕೋ ಅರ್ಥ ಆಗ್ಲಿಲ್ಲ. ಫ್ಲಾಶನ್ನ ಬೆರಳಲ್ಲಿ ಹಿಂದಕ್ಕೆ ಒತ್ತಿ ಹಿಡಿದ್ರೆ ಬೆಳಕು ಛಾವಣಿಗೆ ತಾಗಿ ಮೆತ್ತಗೆ ಕೆಳಗೆ ಬರುತ್ತೆ, ಸ್ಲ್ಯಾಬ್ ಮನೇಲಿ ಇದು ಚೆನ್ನಾಗಿ ನಡೆಯುತ್ತೆ, ನಮ್ಮ ಹಾಗೆ ಕಪ್ಪಾದ ಮುಚ್ಚಿಗೆ ಹಲಗೆ ಇರೋ ಮನೇಲಿ ಹಲಗೆನೇ ಬೆಳಕು ಕುಡಿದುಬಿಡುತ್ತೆ.

ತೋಟದಲ್ಲಿ ಮಾತ್ರ ಇದು ನಾನು ಅಂದ್ಕೊಳ್ಳದೇ ಇದ್ದ ಕೆಲಸಕ್ಕೆ ಬಂತು. ಅಗಲದ ತುದಿಯಲ್ಲಿ 5 ಸೆಂಟಿಮೀಟರ್ ತನಕ ಹತ್ತಿರ ಹೋಗಬಹುದು. ಅಡಿಕೆ ಸೋಗೆ ಮೇಲೆ ಎಲೆಚುಕ್ಕೆ ಶುರುವಾದಾಗ ಒಂದೊಂದು ಚುಕ್ಕೆ, ಸುತ್ತಿನ ಹಳದಿ ಅಂಚು, ನಡುವಿನ ಒಣಗಿದ ಭಾಗ ಎಲ್ಲ ಕಾಣೋ ಹಾಗೆ ತೆಗೆದು, ವೈಫೈನಲ್ಲಿ ಫೋನಿಗೆ ಹಾಕ್ಕೊಂಡು ತೋಟಗಾರಿಕೆ ಓದಿದ ಅಣ್ಣನಿಗೆ ಕಳಿಸಿದೆ. ಮಳೆಗಾಲದ ತೋಟ ಅಂದ್ರೆ ಹಗಲು ಹನ್ನೊಂದಕ್ಕೂ ಸಂಜೆ ಆರರ ಬೆಳಕು, ಫೋನ್ ಅಲ್ಲಿ ಹಸಿರನ್ನೆಲ್ಲ ಒಂದೇ ಬಣ್ಣ ಮಾಡಿ ತೀಡಿಬಿಡುತ್ತೆ, ಇದರ ರಾ ಫೈಲಲ್ಲಿ, ಅಂದ್ರೆ ಕ್ಯಾಮೆರಾ ತಿದ್ದದೇ ಉಳಿಸಿದ ಫೋಟೋದಲ್ಲಿ, ಸೋಗೆಯ ಹಸಿರು ಬೇರೆ, ಮೆಣಸಿನ ಬಳ್ಳಿ ಹಸಿರು ಬೇರೆ, ಏಲಕ್ಕಿ ಹಸಿರು ಬೇರೆ.

ಬೇರೆ ಯಾವುದು ನೋಡಬಹುದು ಅಂದ್ರೆ, ಟಚ್ ಬೇಕು, ಝೂಮ್ 100 ಎಂಎಂ ತನಕ ಬೇಕು, ವ್ಯೂಫೈಂಡರ್ ಬೇಡ ಅನ್ನೋರಿಗೆ ಕ್ಯಾನನ್ ಜಿ7ಎಕ್ಸ್ ಮಾರ್ಕ್ 2, ಅದರದ್ದೂ ಎಫ್ 1.8ರಿಂದ 2.8 ಲೆನ್ಸು. ಝೂಮೇ ಬೇಡ, ಫೋಟೋದ ಗುಣ ಬೇಕು ಅನ್ನೋರಿಗೆ ರಿಕೋ ಜಿಆರ್3, ಸೆನ್ಸರ್ ಇದಕ್ಕಿಂತ ಮೂರು ಪಟ್ಟು ದೊಡ್ಡದು, ಆದ್ರೂ ತೂಕ 257 ಗ್ರಾಂ, ನಮ್ಮದು 290. ಆದ್ರೆ ಅದು 28 ಎಂಎಂ ಒಂದೇ, ಆಟದಲ್ಲಿ ಕೂತಲ್ಲಿಂದ ಅಪ್ಪನ ಕೈ ತನಕ ಮುಟ್ಟಲ್ಲ.

ಸೆಕೆಂಡ್ ಹ್ಯಾಂಡ್ ತಗೊಳ್ಳೋರು ಎದುರಿಗೇ ಹತ್ತು ಸಲ ಆನ್ ಆಫ್ ಮಾಡಿ ಕೊಳವೆ ತಡೆಯದೆ ಹೋಗಿ ಬರುತ್ತಾ ಕಿವಿಗೊಟ್ಟು ಕೇಳಿ, ಲೆನ್ಸಿಗೆ ಓರೆಯಿಂದ ಟಾರ್ಚ್ ಬಿಟ್ಟು ಬೂಸ್ಟಿನ ಎಳೆ ಇದೆಯಾ ನೋಡಿ, ಬಿಳೀ ಗೋಡೆಯನ್ನ ಎಫ್ 11ರಲ್ಲಿ ತೆಗೆದು ದೊಡ್ಡದು ಮಾಡಿ ಸೆನ್ಸರಿನ ಧೂಳು ತೋರಿಸೋ ಕಪ್ಪು ಚುಕ್ಕೆ ಹುಡುಕಿ, ವ್ಯೂಫೈಂಡರ್ ನಾಲ್ಕೈದು ಸಲ ಎತ್ತಿ ಇಳಿಸಿ. ನಾನು ತಗೊಂಡದ್ದರಲ್ಲಿ ಒಂದು ಮೂಲೆ ಬಣ್ಣ ಹೋಗಿತ್ತು, ಉಳಿದದ್ದೆಲ್ಲ ಸರಿ ಇತ್ತು, ಆ ಮೂಲೆಗೆ 2,000 ಬಿಡಿಸ್ಕೊಂಡೆ.