ರೆಡ್ ನೋಟಿಸ್ ತೆಗೆಸಲು ಎರಡು ಕಚೇರಿ ಅಲೆದ ಮೇಲೆ

ನನ್ನ ತಮ್ಮನ ಮೇಲೆ ಇಂಟರ್‌ಪೋಲ್ ರೆಡ್ ನೋಟಿಸ್ ಇತ್ತು, ಅಂದರೆ ಇವನನ್ನು ಹುಡುಕಿ ಹಿಡಿದಿಡಿ ಎಂದು ಒಂದು ದೇಶ ಆ ಅಂತರರಾಷ್ಟ್ರೀಯ ಪೊಲೀಸ್ ಸಂಸ್ಥೆಯ ಮೂಲಕ ಉಳಿದ ದೇಶಗಳಿಗೆ ಮಾಡುವ ವಿನಂತಿ. ಅದನ್ನು ತೆಗೆಸಲು ನಾವು ಹಿಡಿದ ಮೊದಲ ಕಾನೂನು ಕಚೇರಿಯ ಬಿಲ್ಲಿನ ನಾಲ್ಕನೆಯ ಸಾಲಿನಲ್ಲಿ ‘ಇಂಟರ್‌ಪೋಲ್ ಅರ್ಜಿ ಶುಲ್ಕ, 800 ಯೂರೋ’ ಎಂದು ಬರೆದಿತ್ತು. ಮೂವತ್ತೊಂದು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕುಳಿತವಳು ನಾನು. ರಸೀದಿಯಿಲ್ಲದ ಶುಲ್ಕ ಕಂಡರೆ ಕಣ್ಣು ಅಲ್ಲಿಯೇ ನಿಲ್ಲುತ್ತದೆ. ರಸೀದಿ ಕೇಳಿದೆ, ಬರಲಿಲ್ಲ. ಬರಲು ಸಾಧ್ಯವೂ ಇರಲಿಲ್ಲ. ಇಂಟರ್‌ಪೋಲ್ ಕಡತಗಳ ಮೇಲೆ ನಿಗಾ ಇಡುವ ಸಿಸಿಎಫ್ ಎಂಬ ಸ್ವತಂತ್ರ ಆಯೋಗವಿದೆ. ರೆಡ್ ನೋಟಿಸ್ ತೆಗೆಯಿರಿ ಎಂದು ಅರ್ಜಿ ಹಾಕಬೇಕಾದದ್ದು ಅಲ್ಲಿಗೆ, ಮತ್ತು ಆ ಅರ್ಜಿಗೆ ಆಯೋಗ ಒಂದು ಪೈಸೆಯನ್ನೂ ತೆಗೆದುಕೊಳ್ಳುವುದಿಲ್ಲ. ಇದು ನನಗೆ ತಿಳಿದದ್ದು ಹಣ ಕಟ್ಟಿ ಎರಡು ತಿಂಗಳಾದ ಮೇಲೆ.

ಕೊಲ್ಲಿಯಿಂದ ಸಾಲ ಉಳಿಸಿಕೊಂಡು ಊರಿಗೆ ಬಂದವರು ನಮ್ಮ ಕರಾವಳಿಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರ ಮನೆಯವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಎರಡೂ ಕಚೇರಿಗಳ ಹೆಸರು ಹಾಕುವುದಿಲ್ಲ. ನನ್ನ ತಮ್ಮ ಸಾಲ ಕೊಟ್ಟ ಬ್ಯಾಂಕಿನೊಂದಿಗೆ ಮಾಡಿಕೊಂಡ ರಾಜಿಯಲ್ಲಿ ಗೋಪ್ಯತೆಯ ಷರತ್ತು ಇದೆ.

ತಮ್ಮ ಯುಎಇಯ ಶಾರ್ಜಾದಲ್ಲಿ ಟೈಲ್ಸ್ ಮತ್ತು ಸ್ಯಾನಿಟರಿ ಸಾಮಾನಿನ ಅಂಗಡಿ ಇಟ್ಟಿದ್ದ. ಅಂಗಡಿಯ ಮೇಲೆ ಸಾಲ ತೆಗೆಯುವಾಗ ಅಲ್ಲಿನ ವಾಡಿಕೆಯಂತೆ ಮೊತ್ತ ಬರೆಯದ ಸೆಕ್ಯುರಿಟಿ ಚೆಕ್ಕಿಗೆ ಸಹಿ ಹಾಕಿ ಕೊಟ್ಟ. ಹದಿನಾಲ್ಕು ಕಂತು ಸರಿಯಾಗಿ ಕಟ್ಟಿದ. 2020ರಲ್ಲಿ ಕೋವಿಡ್ ಬಂದು ಕಟ್ಟಡದ ಕೆಲಸಗಳು ನಿಂತವು, ಅಂಗಡಿ ಮುಚ್ಚಿತು. ವಿದೇಶದಲ್ಲಿ ಸಿಕ್ಕಿಬಿದ್ದವರನ್ನು ಕರೆತರಲು ಸರ್ಕಾರ ಬಿಟ್ಟ ವಂದೇ ಭಾರತ್ ವಿಮಾನದಲ್ಲಿ ಮಂಗಳೂರಿಗೆ ಬಂದಿಳಿದ. ಊರಿಗೆ ಬಂದ ಮೇಲೂ ಕಂತು ಕಡಿಮೆ ಮಾಡಿಕೊಡಿ ಎಂದು ಬ್ಯಾಂಕಿಗೆ ಆರು ಇಮೇಲ್ ಬರೆದ. ಉತ್ತರ ಬರಲಿಲ್ಲ. ಅತ್ತ ಬ್ಯಾಂಕು ಆ ಚೆಕ್ಕಿಗೆ ಪೂರ್ತಿ ಸಾಲದ ಮೊತ್ತ ಬರೆದು ಹಾಕಿತ್ತು. ಚೆಕ್ ವಾಪಸಾಗಿ ಕ್ರಿಮಿನಲ್ ಪ್ರಕರಣ ದಾಖಲಾಗಿತ್ತು. ರೆಡ್ ನೋಟಿಸ್ ಹೊರಟಿದ್ದು ಅದರಿಂದಲೇ.

ಮೂರು ವರ್ಷ ಕುಂದಾಪುರದಲ್ಲಿ ನೆಮ್ಮದಿಯಾಗಿಯೇ ಇದ್ದ. 2023ರ ಜುಲೈಯಲ್ಲಿ ಮಗಳ ಪದವಿ ಸಮಾರಂಭಕ್ಕೆಂದು ದೆಹಲಿಯಿಂದ ನೇರ ವಿಮಾನದಲ್ಲಿ ಇಟಲಿಯ ಮಿಲಾನಿಗೆ ಹೋದ. ವೀಸಾ ಸಿಕ್ಕಿತ್ತು. ಇಂಟರ್‌ಪೋಲ್ ವೆಬ್‌ಸೈಟಿನಲ್ಲಿ ಅವನ ಹೆಸರು ಇರಲಿಲ್ಲ. ಇದನ್ನು ನಂಬಬೇಡಿ. ರೆಡ್ ನೋಟಿಸ್‌ಗಳಲ್ಲಿ ಹೆಚ್ಚಿನವು ಸಾರ್ವಜನಿಕರಿಗೆ ಕಾಣುವುದೇ ಇಲ್ಲ, ಪೊಲೀಸರ ಪರದೆಯ ಮೇಲೆ ಮಾತ್ರ ಇರುತ್ತವೆ. ಅಲ್ಲಿನ ಮಾಲ್ಪೆನ್ಸಾ ವಿಮಾನ ನಿಲ್ದಾಣದ ಪಾಸ್‌ಪೋರ್ಟ್ ಸಾಲಿನಿಂದಲೇ ಅವನನ್ನು ಪಕ್ಕಕ್ಕೆ ಕರೆದೊಯ್ದರು. ಹೊರಗೆ ಹೂಗುಚ್ಛ ಹಿಡಿದು ನಾಲ್ಕು ಗಂಟೆ ಕಾದ ಹುಡುಗಿ ನನಗೆ ಫೋನ್ ಮಾಡಿ “ಅತ್ತೆ, ಅಪ್ಪ ಹೊರಗೆ ಬರಲೇ ಇಲ್ಲ” ಎಂದಳು. ಆ ದನಿ ಇನ್ನೂ ಕಿವಿಯಲ್ಲಿದೆ.

ಗಾಬರಿಯಲ್ಲಿ ಅಂತರ್ಜಾಲದಲ್ಲಿ ಹುಡುಕಿ, ‘ನೂರಕ್ಕೆ ನೂರು ತೆಗೆಸಿಕೊಡುತ್ತೇವೆ’ ಎಂದ ಮೊದಲ ಕಚೇರಿಗೆ ಮುಂಗಡ ಕಳುಹಿಸಿದೆ. ಒಟ್ಟು ನಾಲ್ಕು ಲಕ್ಷ ರೂಪಾಯಿಯಷ್ಟು ಹೋಯಿತು. ಅದರಲ್ಲಿ ಅರವತ್ತು ಸಾವಿರ ಅರಬ್ಬಿ ಕಾಗದಗಳ ಇಂಗ್ಲಿಷ್ ಅನುವಾದಕ್ಕೆ. ಆಯೋಗ ಅರಬ್ಬಿ, ಇಂಗ್ಲಿಷ್, ಫ್ರೆಂಚ್, ಸ್ಪ್ಯಾನಿಷ್ ನಾಲ್ಕರಲ್ಲಿಯೂ ಅರ್ಜಿ ಸ್ವೀಕರಿಸುತ್ತದೆ ಎಂಬುದೂ ಆಮೇಲೆಯೇ ತಿಳಿಯಿತು. ಅವರು ತಯಾರಿಸಿದ ಕರಡು ನಲವತ್ತು ಪುಟಗಳದು. ರಾಜಕೀಯ, ಸೈನಿಕ, ಧಾರ್ಮಿಕ ಅಥವಾ ಜನಾಂಗೀಯ ಸ್ವರೂಪದ ವಿಷಯಗಳಲ್ಲಿ ಕೈಹಾಕಬಾರದು ಎನ್ನುವ ಇಂಟರ್‌ಪೋಲ್ ಸಂವಿಧಾನದ 3ನೇ ವಿಧಿಯನ್ನೇ ಉದ್ದಕ್ಕೂ ಎಳೆದಿದ್ದರು. ಟೈಲ್ಸ್ ಮಾರಿದವನಿಗೆ ರಾಜಕೀಯ ಎಲ್ಲಿಯದು? ಹದಿನಾಲ್ಕು ಕಂತಿನ ಮಾತು ಒಂದೇ ಒಂದು ಸಾಲಿನಲ್ಲಿತ್ತು, ಅದರಲ್ಲಿಯೂ ದಿನಾಂಕ ತಪ್ಪಿತ್ತು.

ಎರಡನೆಯ ಕಚೇರಿಯ ದಾರಿ ತೋರಿಸಿದವರು ಮಿಲಾನಿನಲ್ಲಿ ತಮ್ಮನ ಪರ ನಿಂತ ವಕೀಲರು. ಅದು ಲಂಡನ್ನಿನ ಸಣ್ಣ ಕಚೇರಿ, ಇಬ್ಬರೇ ವಕೀಲರು. ಮೊದಲ ಕರೆಯಲ್ಲಿ ಮಾತನಾಡಿದ ವಕೀಲೆ ಭರವಸೆಯ ಮಾತನ್ನೇ ಆಡಲಿಲ್ಲ. ಇದು ಎರಡು ಬೇರೆ ಕೆಲಸ ಎಂದು ಬಿಡಿಸಿ ಹೇಳಿದರು. ತಮ್ಮನನ್ನು ಹಸ್ತಾಂತರಿಸಬೇಕೇ ಬೇಡವೇ ಎಂಬುದು ಇಟಲಿಯ ನ್ಯಾಯಾಲಯದ ಪ್ರಶ್ನೆ. ನೋಟಿಸ್ ಇಂಟರ್‌ಪೋಲ್ ಕಡತದಲ್ಲಿ ಉಳಿಯಬೇಕೇ ಎಂಬುದು ಫ್ರಾನ್ಸಿನ ಲಿಯೋನ್‌ನಲ್ಲಿರುವ ಆಯೋಗದಲ್ಲಿ ಕೇಳಬೇಕಾದ ಪ್ರಶ್ನೆ. ಒಂದರಲ್ಲಿ ಗೆದ್ದರೆ ಇನ್ನೊಂದು ತಾನಾಗಿ ಬಗೆಹರಿಯುವುದಿಲ್ಲ.

ಈ ಮಾತಿನ ತೂಕ ನನಗೆ ಪೂರ್ತಿ ತಿಳಿದದ್ದು ಬ್ಯಾಂಕ್ ವಂಚನೆ ಪ್ರಕರಣದಲ್ಲಿ ಆರೋಪಿಯಾದ ವಜ್ರದ ವ್ಯಾಪಾರಿ ಮೆಹುಲ್ ಚೋಕ್ಸಿ ಸುದ್ದಿ ಓದಿದಾಗ. ಅವರ ಮೇಲಿನ ರೆಡ್ ನೋಟಿಸನ್ನು ಆಯೋಗ 2022ರಲ್ಲಿ ತೆಗೆಸಿತ್ತು. ಆದರೂ ಭಾರತದ ಕೋರಿಕೆಯ ಮೇಲೆ 2025ರ ಏಪ್ರಿಲ್‌ನಲ್ಲಿ ಬೆಲ್ಜಿಯಂ ಪೊಲೀಸರು ಬಂಧಿಸಿದರು. ನೋಟಿಸ್ ಎನ್ನುವುದು ಬಂಧನದ ವಾರಂಟ್ ಅಲ್ಲ, ಅದು ಒಂದು ದೇಶ ಉಳಿದ ದೇಶಗಳಿಗೆ ಸಾರುವ ವಿನಂತಿ. ಅದಕ್ಕೆ ಎಷ್ಟು ಬೆಲೆ ಕೊಡಬೇಕೆಂದು ಪ್ರತಿ ದೇಶವೂ ತನ್ನ ಕಾನೂನಿನಂತೆ ತೀರ್ಮಾನಿಸುತ್ತದೆ. ನಮ್ಮಲ್ಲಿ ಬ್ಲೂ ಕಾರ್ನರ್ ನೋಟಿಸ್ ಎಂಬ ಮಾತು 2024ರಲ್ಲಿ ಪ್ರಜ್ವಲ್ ರೇವಣ್ಣ ಪ್ರಕರಣದಿಂದ ಮನೆಮಾತಾಯಿತು. ಆದರೆ ನೀಲಿ ಬಣ್ಣದ್ದು ವ್ಯಕ್ತಿಯ ಇರವು, ಗುರುತಿನ ಮಾಹಿತಿ ಕೇಳುವುದಕ್ಕೆ. ಕೆಂಪು ಬಣ್ಣದ್ದು ಹುಡುಕಿ, ತಾತ್ಕಾಲಿಕವಾಗಿ ಹಿಡಿದಿಡಿ ಎಂದು ಕೇಳುವುದಕ್ಕೆ.

ಇಟಲಿಯ ಭಾಗ ನಾವು ಹೆದರಿದ್ದಕ್ಕಿಂತ ಬೇಗ ಮುಗಿಯಿತು. ನ್ಯಾಯಾಲಯ ಮಗಳ ಬಾಡಿಗೆ ಮನೆಯಲ್ಲಿಯೇ ಗೃಹಬಂಧನಕ್ಕೆ ಒಪ್ಪಿತು. ಗಡುವಿನೊಳಗೆ ಹಸ್ತಾಂತರದ ಕಾಗದಪತ್ರಗಳು ಬರಲಿಲ್ಲ, ಬಿಡುಗಡೆಯಾಯಿತು. ಪದವಿ ಸಮಾರಂಭ ಮಾತ್ರ ಅವನಿಲ್ಲದೆಯೇ ನಡೆದುಹೋಗಿತ್ತು.

ಲಂಡನ್ನಿನವರ ಕೆಲಸವನ್ನು ನಾನು ಮೆಚ್ಚಿದ್ದು ಕಾಗದಗಳ ವಿಚಾರದಲ್ಲಿ. ಸಾಲದ ಕರಾರು, ಪ್ರತಿ ಕಂತಿನ ಬ್ಯಾಂಕ್ ವಿವರ, ಆರು ಇಮೇಲ್‌ಗಳು, ಅಂಗಡಿಯ ಲೈಸೆನ್ಸ್ ರದ್ದಾದ ಪತ್ರ, ಪಾಸ್‌ಪೋರ್ಟಿನ ಪ್ರತಿ ಪುಟ, ಎಲ್ಲವನ್ನೂ ತರಿಸಿಕೊಂಡರು. ಎರಡು ಕಂತಿನ ವಿವರ ಸಿಗದೆ ನಾನು ಹಳೆಯ ಟ್ರಂಕು ತೆಗೆದು ಒಂದು ರಾತ್ರಿ ಇಡೀ ಹುಡುಕಿದೆ. ಅರ್ಜಿ ಹನ್ನೊಂದೇ ಪುಟ, ಲಗತ್ತುಗಳು ಇಪ್ಪತ್ತೇಳು. ವಾದ ನೇರವಾಗಿತ್ತು: ಖಾಸಗಿ ವ್ಯವಹಾರದ ತಗಾದೆಗೆ ರೆಡ್ ನೋಟಿಸ್ ಕೊಡಬಾರದೆಂದು ಇಂಟರ್‌ಪೋಲ್‌ನ ದತ್ತಾಂಶ ನಿಯಮಗಳ 83ನೇ ವಿಧಿಯೇ ಹೇಳುತ್ತದೆ, ಇವನು ವಂಚಿಸಲು ಚೆಕ್ ಕೊಟ್ಟವನಲ್ಲ, ಕಂತು ಕಟ್ಟಿದವನು, ಪತ್ರ ಬರೆದವನು, ಖಾತೆಯಲ್ಲಿ ಹಣವಿಲ್ಲದೆ ಚೆಕ್ ವಾಪಸಾಗುವುದನ್ನು 2022ರ ಜನವರಿ 2ರಿಂದ ಯುಎಇ ಕಾನೂನೇ ಸಾಮಾನ್ಯವಾಗಿ ಅಪರಾಧವೆಂದು ಎಣಿಸುವುದಿಲ್ಲ.

ಶುಲ್ಕ 6,500 ಪೌಂಡ್, ಮೂರು ಕಂತಿನಲ್ಲಿ. ಆಗಿನ ದರದಲ್ಲಿ ಆರೂಮುಕ್ಕಾಲು ಲಕ್ಷ ರೂಪಾಯಿಗೆ ಹತ್ತಿರ. ಸಣ್ಣ ಮೊತ್ತವಲ್ಲ, ನನ್ನ ನಿವೃತ್ತಿಯ ಹಣದಿಂದ ತೆಗೆದದ್ದು. ಆದರೆ ಯಾವ ಹಂತಕ್ಕೆ ಎಷ್ಟು ಎಂದು ಮೊದಲ ದಿನವೇ ಬರೆದುಕೊಟ್ಟರು, ಕೊನೆಯವರೆಗೆ ಒಂದು ಪೌಂಡ್ ಹೆಚ್ಚು ಕೇಳಲಿಲ್ಲ. ವಕೀಲರಿಲ್ಲದೆಯೂ ಅರ್ಜಿ ಹಾಕಬಹುದು ಎಂದು ಅವರೇ ಹೇಳಿದ್ದರು. ಸರಳ ಪ್ರಕರಣವಾದರೆ, ಕಾಗದಗಳು ಕೈಯಲ್ಲಿದ್ದರೆ, ಯೋಚಿಸಿ ನೋಡಿ. ನಮಗೆ ಧೈರ್ಯವಾಗಲಿಲ್ಲ.

ಅವರಲ್ಲಿಯೂ ಕೊರತೆ ಇಲ್ಲದಿಲ್ಲ. ಅರ್ಜಿ ಸ್ವೀಕೃತವಾದ ಮೇಲೆ ತೀರ್ಮಾನಕ್ಕೆ ಒಂಬತ್ತು ತಿಂಗಳ ಅವಧಿ ಇದೆ. ಆ ಕಾಲದಲ್ಲಿ ಹೇಳಲು ಏನೂ ಇಲ್ಲವೆಂದು ಅವರು ವಾರಗಟ್ಟಲೆ ಸುಮ್ಮನಿದ್ದರು. ತಮ್ಮ ರಾತ್ರಿ ಅಂಗಳದಲ್ಲಿ ನಡೆಯುತ್ತಿದ್ದ, ಊಟ ಸೇರುತ್ತಿರಲಿಲ್ಲ. ‘ಹೊಸದೇನೂ ಇಲ್ಲ’ ಎಂದು ತಿಂಗಳಿಗೊಂದು ಸಾಲು ಬರೆದಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಇಂಟರ್‌ಪೋಲ್ ಕಡತದಿಂದ ಹೆಸರು ಹೋದರೂ ಆಯಾ ದೇಶಗಳ ಪೊಲೀಸರ ಕಂಪ್ಯೂಟರಿನಲ್ಲಿ ಹಳೆಯ ಮಾಹಿತಿ ಉಳಿದಿರಬಹುದು ಎಂಬುದನ್ನೂ ಕೊನೆಯಲ್ಲಿ ಹೇಳಿದರು. ಮೊದಲೇ ಹೇಳಬೇಕಿತ್ತು.

ಸಾಲದ ವಿಚಾರದಲ್ಲಿ ಮಾತ್ರ ಅವರ ಸಲಹೆ ಖಡಾಖಂಡಿತವಾಗಿತ್ತು. ನೋಟಿಸ್ ಹೋದ ಮಾತ್ರಕ್ಕೆ ಸಾಲ ಹೋಗುವುದಿಲ್ಲ. ಯುಎಇ ನ್ಯಾಯಾಲಯಗಳ ಸಿವಿಲ್ ಡಿಕ್ರಿಯನ್ನು 2020ರ ಜನವರಿಯಿಂದ ನಮ್ಮ ಜಿಲ್ಲಾ ನ್ಯಾಯಾಲಯದಲ್ಲಿಯೇ ಜಾರಿ ಮಾಡಿಸಬಹುದು. ನಮಗೂ ಸಾಲ ಮುಳುಗಿಸುವ ಮನಸ್ಸು ಇರಲಿಲ್ಲ. ಅಂಗಡಿಗೆ ತೆಗೆದ ಹಣ, ತೀರಿಸಬೇಕಾದದ್ದೇ. ಅಪ್ಪನ ಕಾಲದ ತೆಂಗಿನ ತೋಟದಲ್ಲಿ ತಮ್ಮ ತನ್ನ ಪಾಲನ್ನು ಮಾರಿದ, ಬ್ಯಾಂಕು ರಾಜಿಗೆ ಬಂತು.

2024ರ ಜುಲೈಯಲ್ಲಿ ಲಿಯೋನ್‌ನಿಂದ ಪತ್ರ ಬಂತು. ತಮ್ಮನ ಕುರಿತ ಮಾಹಿತಿಯನ್ನು ಇಂಟರ್‌ಪೋಲ್ ಕಡತದಿಂದ ಅಳಿಸಲಾಗಿದೆ ಎಂದಿತ್ತು. ನವೆಂಬರ್‌ನಲ್ಲಿ ಅವನು ಮತ್ತೆ ಮಿಲಾನಿಗೆ ಹೊರಟ. ವಕೀಲರ ಎಚ್ಚರಿಕೆಯಂತೆ ಕೊಲ್ಲಿಯ ಯಾವ ನಿಲ್ದಾಣದಲ್ಲಿಯೂ ವಿಮಾನ ಬದಲಾಯಿಸಲಿಲ್ಲ, ದೆಹಲಿಯಿಂದ ನೇರವಾಗಿಯೇ ಹೋದ. ಪತ್ರದ ಮೂಲಪ್ರತಿ ಕೈಚೀಲದಲ್ಲಿ, ನಕಲು ಅಂಗಿಯ ಜೇಬಿನಲ್ಲಿ. ಮಾಲ್ಪೆನ್ಸಾದ ಅಧಿಕಾರಿ ಪರದೆ ನೋಡಿ ಎದ್ದು ಒಳಗೆ ಹೋದರಂತೆ. ಹತ್ತು ನಿಮಿಷ. ಮರಳಿ ಬಂದು, ಪತ್ರವನ್ನು ಕೇಳದೆಯೇ ಪಾಸ್‌ಪೋರ್ಟಿಗೆ ಮುದ್ರೆ ಒತ್ತಿದರು. ಹೊರಗೆ ಹುಡುಗಿ ಅದೇ ಕಂಬದ ಹತ್ತಿರ ನಿಂತಿದ್ದಳು. ಈ ಸಲ ಫೋನ್ ಮಾಡಿದವನು ತಮ್ಮ.