ಕಾಸರಗೋಡಿನ ಮಹಡಿಯಲ್ಲಿ ಐರಿಷ್ ಕಥೆಗಳು: ನಾಲ್ಕು ಭಾನುವಾರಗಳ ಕಮ್ಮಟ

ಕಾಸರಗೋಡು ಪೇಟೆಯ ಪುಸ್ತಕದಂಗಡಿಯೊಂದರ ಮಹಡಿಯಲ್ಲಿ ನಾಲ್ಕು ಭಾನುವಾರ ನಡೆದ ಸಮಕಾಲೀನ ಐರಿಷ್ ಸಣ್ಣಕಥೆಗಳ ಓದಿನ ಕಮ್ಮಟಕ್ಕೆ 600 ರೂಪಾಯಿ ಶುಲ್ಕ ಕಟ್ಟಿ ಸೇರಿದ್ದೆ. ಕಥೆಗಳ ಆಯ್ಕೆ ಕೊಟ್ಟ ಹಣಕ್ಕೆ ಮೀರಿದ್ದು. ನಡೆಸಿದ ರೀತಿಯ ಬಗ್ಗೆ ಮಾತ್ರ ನನಗೆ ಎರಡು ದೂರುಗಳಿವೆ.

ಮೊದಲ ವಾರ ನಾವು ಓದಿದ ಐರಿಷ್ ಲೇಖಕ ರೋಡಿ ಡಾಯ್ಲ್ ಅವರೇ ಇಡೀ ಕಮ್ಮಟದ ತಿರುಳು. ಡಬ್ಲಿನ್ನಿನಲ್ಲಿ 2000ದಲ್ಲಿ ಇಬ್ಬರು ನೈಜೀರಿಯನ್ ಪತ್ರಕರ್ತರು ಆರಂಭಿಸಿದ ವಲಸಿಗರ ಪತ್ರಿಕೆ ಮೆಟ್ರೋ ಏರನ್‌ಗೆ ಡಾಯ್ಲ್ ಕಂತಿಗೆ 800 ಪದಗಳಂತೆ ಬರೆದ ಕಥೆಗಳು 2007ರಲ್ಲಿ ‘ದಿ ಡಿಪೋರ್ಟೀಸ್’ ಎಂಬ ಸಂಕಲನವಾದವು. ಅದರ ಒಂದು ಕಥೆಯಲ್ಲಿ ಸಂಶೋಧಕನೊಬ್ಬ ಐರಿಷ್‌ತನವನ್ನು ಶೇಕಡಾ ಲೆಕ್ಕದಲ್ಲಿ ಅಳೆಯುವ ಪರೀಕ್ಷೆ ರೂಪಿಸುತ್ತಾನೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಆಡುತ್ತ ಬೆಳೆದು, ಜನಗಣತಿಯವರು ಮಾತೃಭಾಷೆ ಕೇಳಿದಾಗ ಒಂದು ಕ್ಷಣ ತಡೆದು ಉತ್ತರಿಸುವ ನಮ್ಮಂಥವರಿಗೆ ಅದು ಬರಿಯ ವಿನೋದವಾಗಿ ಕಾಣಲಿಲ್ಲ. ಆ ದಿನದ ಚರ್ಚೆ ಊಟದ ಹೊತ್ತನ್ನೂ ಮೀರಿತು.

ಎರಡನೆಯ ವಾರದ್ದು, ನೈಜೀರಿಯಾದಿಂದ ಬಂದು ಆಶ್ರಯಾರ್ಥಿಗಳ ವಸತಿಯಲ್ಲಿ ವರ್ಷಗಟ್ಟಲೆ ಕಳೆದ ಮೆಲಾಟು ಉಚೆ ಒಕೊರಿ ಅವರ 2018ರ ಸಂಕಲನ. ದಿನಸಿಗಾಗಿ ಸಾಲು ನಿಂತ ಹೆಂಗಸರ ಮಾತನ್ನು ಅವರು ತಿದ್ದದೆ, ಅವರವರ ಇಂಗ್ಲಿಷಿನಲ್ಲೇ ಬರೆದಿದ್ದಾರೆ. ಐರ್ಲೆಂಡಿನಲ್ಲಿ ಹುಟ್ಟಿದ ಮಾತ್ರಕ್ಕೆ ಪೌರತ್ವ ಸಿಗುವ ಹಕ್ಕನ್ನು 2004ರ ಜನಮತಗಣನೆಯಲ್ಲಿ ಸುಮಾರು ಶೇ. 79 ಮತದಿಂದ ತೆಗೆದುಹಾಕಿದ್ದನ್ನು ಓದಿಗೆ ಮೊದಲೇ ವಿವರಿಸಿದ್ದು ಬಹಳ ಉಪಕಾರವಾಯಿತು. ಮೂರನೆಯ ವಾರದ ಕ್ಲೇರ್ ಕೀಗನ್ ಅವರ ‘ಫಾಸ್ಟರ್’ ಕಥೆಯ ಸೊಬಗಿಗೆ ವಿವರಣೆಯೇ ಬೇಡ. ಇಂಗ್ಲಿಷಿನ ಆ ಕಥೆ ತೆರೆಗೆ ಬಂದಾಗ ಬಹುಪಾಲು ಐರಿಷ್ ಭಾಷೆಯಲ್ಲಿ ಮಾತಾಡಿತೆಂಬ ಸಂಗತಿ ಕನ್ನಡ ಶಾಲೆಯಲ್ಲಿ ಕಲಿತ ನನ್ನನ್ನು ಬಹಳ ತಟ್ಟಿತು.

ದೂರುಗಳಲ್ಲಿ ದೊಡ್ಡದು, ಐರ್ಲೆಂಡ್ ದ್ವೀಪದಲ್ಲಿದ್ದೂ ಬ್ರಿಟನ್ನಿನ ಭಾಗವಾಗಿಯೇ ಉಳಿದ ಉತ್ತರ ಐರ್ಲೆಂಡಿನದು. ಅಲ್ಲಿ ಹುಟ್ಟಿದವರು ತಮ್ಮನ್ನು ಐರಿಷ್, ಬ್ರಿಟಿಷ್ ಅಥವಾ ಎರಡೂ ಎಂದು ಕರೆದುಕೊಳ್ಳಬಹುದೆಂದು 1998ರ ‘ಗುಡ್ ಫ್ರೈಡೇ’ ಶಾಂತಿ ಒಪ್ಪಂದ ಒಪ್ಪಿಕೊಂಡಿದೆ. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ಊರಿನ ಓದುಗರಿಗೆ ಇದಕ್ಕಿಂತ ಹತ್ತಿರದ ವಿಷಯ ಯಾವುದು? ಆದರೂ ಉತ್ತರ ಐರ್ಲೆಂಡಿನ ರಾಜಧಾನಿ ಬೆಲ್‌ಫಾಸ್ಟಿನ ಲೂಸಿ ಕಾಲ್ಡ್‌ವೆಲ್ ಅವರ ಕಥೆಯನ್ನು ಕೊನೆಯ ವಾರದ ಅರ್ಧ ಗಂಟೆಯಲ್ಲಿ ಮುಗಿಸಿಬಿಟ್ಟರು. ಎರಡನೆಯದು, ಚರ್ಚೆ ಪದೇ ಪದೇ ಇಂಗ್ಲಿಷಿಗೆ ಜಾರಿದ್ದರಿಂದ, ಹೆಚ್ಚು ಹೇಳಬಲ್ಲವರಾಗಿದ್ದ ಇಬ್ಬರು ನಿವೃತ್ತ ಕನ್ನಡ ಅಧ್ಯಾಪಕರು ಮೌನವಾಗಿ ಕುಳಿತರು. ಮಳೆಗಾಲ ಕಳೆದ ಮೇಲೆ ಮತ್ತೊಂದು ಸರಣಿ ಇದೆಯಂತೆ. ಬೆಲ್‌ಫಾಸ್ಟಿಗೆ ಒಂದು ಇಡೀ ಭಾನುವಾರವನ್ನು ಮೀಸಲಿಟ್ಟು, ಮಾತುಕತೆಯನ್ನು ಕನ್ನಡದಲ್ಲಿ ನಡೆಸುವುದಾದರೆ ಮೊದಲ ಶುಲ್ಕ ನನ್ನದೇ ಆಗಿರುತ್ತದೆ.